ಯಾಕೋಬನ ಪತ್ರಿಕೆ ಮತ್ತು ನಮ್ಮ ದಿನದ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಬಲ್ಮಠದ ಹತ್ತಿರ ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಸಂಜೆ ಹತ್ತು ಹನ್ನೆರಡು ಜನ ಸೇರಿ ಬೈಬಲ್ ಓದ್ತೇವೆ. ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅನ್ನುವ ಪ್ರೊಟೆಸ್ಟೆಂಟ್ ಸಭೆಯವಳು, ಅಮ್ಮನ ಮನೆ ಕಡೆ ಎಲ್ಲ ಕೆಥೋಲಿಕರು, ಹಾಗಾಗಿ ಬರುವವರಲ್ಲೂ ಎರಡೂ ಕಡೆಯವರು ಇದ್ದಾರೆ. ಹೋದ ವರ್ಷ ಇಡೀ ಯಾಕೋಬನ ಪತ್ರಿಕೆ ಓದಿದೆವು. ಆಗ ಕೇಳಿದ್ದು, ಆಮೇಲೆ ಫೋನಿನಲ್ಲಿ, ವಾಟ್ಸಾಪಿನಲ್ಲಿ, ಮದುವೆ ಹಾಲ್‌ನ ಊಟದ ಸಾಲಿನಲ್ಲಿ ನಿಂತಾಗ ಕೇಳಿದ್ದು, ಎಲ್ಲ ಒಟ್ಟು ಮಾಡಿ ಬರೀತಾ ಇದ್ದೇನೆ. ನಾನು ಪಾಸ್ಟರ್ ಅಲ್ಲ, 14 ವರ್ಷ ಮಸ್ಕತ್‌ನಲ್ಲಿ ನರ್ಸ್ ಆಗಿದ್ದವಳು. ಓದಿ ಗೊತ್ತಾದದ್ದು, ಬದುಕಿನಲ್ಲಿ ಕಂಡದ್ದು, ಎರಡನ್ನೂ ಸೇರಿಸಿ ಹೇಳ್ತೇನೆ.

## ಶುರುವಿಗೆ

ಯಾಕೋಬನ ಪತ್ರಿಕೆ ಅಂದ್ರೆ ಎಂತ? ಯಾರು ಬರೆದದ್ದು?

ಹೊಸ ಒಡಂಬಡಿಕೆಯ ಕೊನೆ ಕಡೆ, ಇಬ್ರಿಯರಿಗೆ ಬರೆದ ಪತ್ರಿಕೆ ಮುಗಿದ ಕೂಡ್ಲೆ ಬರ್ತದೆ. 5 ಅಧ್ಯಾಯ, 108 ವಚನ ಅಷ್ಟೆ, ಅರ್ಧ ಗಂಟೆಯೊಳಗೆ ಓದಿ ಮುಗಿಸ್ಬಹುದು. ಬರೆದವ ಯೇಸುವಿನ ಸಹೋದರ ಅಂತ ಕರೆಸಿಕೊಂಡ, ಜೆರೂಸಲೇಮಿನ ಸಭೆಯನ್ನು ನಡೆಸಿದ ಯಾಕೋಬ ಅಂತ ಮೊದಲಿಂದ ಬಂದ ನಂಬಿಕೆ, ಇದನ್ನು ಒಪ್ಪದ ಪಂಡಿತರೂ ಇದ್ದಾರೆ. ಸಹೋದರ ಅಂದ್ರೆ ಹತ್ತಿರದ ಸಂಬಂಧಿ ಅಂತ ಕೆಥೋಲಿಕರು ಹೇಳ್ತಾರೆ, ನಮ್ಮ ಕಡೆ ಹೆಚ್ಚಿನವರು ಸ್ವಂತ ತಮ್ಮ ಅಂತಲೇ ಓದ್ತಾರೆ, ಅದಕ್ಕೆ ಜಗಳ ಬೇಡ. ಸುಮಾರು 62ನೇ ಇಸವಿಯಲ್ಲಿ ಅವನನ್ನು ಕಲ್ಲೆಸೆದು ಕೊಂದರು ಅಂತ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದದ್ದು ಉಂಟು.

ಪತ್ರ ಹೋದದ್ದು ಚದುರಿ ಹೋದ ಹನ್ನೆರಡು ಕುಲಗಳಿಗೆ, ಅಂದ್ರೆ ಊರು ಬಿಟ್ಟು ಪರ ಊರಲ್ಲಿ ಬದುಕುವವರಿಗೆ. ಮನೆಯಲ್ಲಿ ಒಬ್ಬರು ಬಹ್ರೇನಲ್ಲಿ, ಒಬ್ಬರು ಮುಂಬೈಯಲ್ಲಿ ಇರುವ ನಮಗೆ ಅದೊಂದು ಸಾಲು ಬೇಗ ಅರ್ಥ ಆಗ್ತದೆ.

ಆದಿತ್ಯವಾರ ಚರ್ಚಿಗೆ ಹೋಗ್ತೇನೆ, ರಾತ್ರಿ ಪ್ರಾರ್ಥನೆ ಮಾಡ್ತೇನೆ, ಅಷ್ಟು ಸಾಕಲ್ಲ? ಮತ್ತೆ ಕ್ರಿಯೆ ಕ್ರಿಯೆ ಅಂತ ಯಾಕೆ ಹೇಳ್ತೀರಿ?

ಇದನ್ನು ಕೇಳಿದವರು ತುಂಬ ಒಳ್ಳೆಯವರು, ಬೇಜಾರಾಗಿ ಕೇಳಿದ್ದು. ಚರ್ಚಿಗೆ ಹೋಗುವುದು ಬೇಡ ಅಂತ ಯಾಕೋಬ ಎಲ್ಲೂ ಹೇಳುವುದಿಲ್ಲ. ಅವನು ಕೇಳುವುದು ಬೇರೆ, ಬಟ್ಟೆ ಇಲ್ಲದ, ಆ ದಿನದ ಊಟಕ್ಕೂ ಇಲ್ಲದ ಒಬ್ಬ ತಮ್ಮನೋ ತಂಗಿಯೋ ನಿಮ್ಮ ಮುಂದೆ ನಿಂತಾಗ "ಸಮಾಧಾನದಿಂದ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬಿಸ್ಕೊಳ್ಳಿ" ಅಂತ ಬಾಯಲ್ಲಿ ಹೇಳಿ ಕೈಯಲ್ಲಿ ಎಂತದೂ ಕೊಡದಿದ್ರೆ ಏನು ಪ್ರಯೋಜನ ಅಂತ (2:15-16, ಅಂದ್ರೆ 2ನೇ ಅಧ್ಯಾಯದ 15, 16ನೇ ವಚನ). ಆಮೇಲೆ ಹೇಳ್ತಾನೆ, ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು. ದೇವರು ಒಬ್ಬನೇ ಅಂತ ದೆವ್ವಗಳೂ ನಂಬ್ತವೆ, ನಂಬಿ ನಡುಗ್ತವೆ (2:19).

ಇದಕ್ಕೆ ಉದಾಹರಣೆ ನಮ್ಮ ಊರಲ್ಲೇ ಉಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಕ್ರೈಸ್ತರಾದವರಲ್ಲಿ ಎಷ್ಟೋ ಜನರನ್ನು ಮನೆಯವರು, ಜಾತಿಯವರು ದೂರ ಮಾಡಿದರು, ಕಸುಬು ಹೋಯ್ತು. ಅವರಿಗೆ ಬರೀ ಪ್ರಸಂಗ ಮಾಡಿ ಕೂತಿದ್ರೆ ಊಟ ಆಗ್ತಿತ್ತಾ? ಹಾಗಾಗಿ ನೇಯ್ಗೆ, ಪ್ರೆಸ್ಸು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ. ನಮ್ಮ ಹಳೆ ಮನೆಗಳ ಮಾಡಿನ ಮಂಗಳೂರು ಹಂಚು ನೋಡುವಾಗ ನನಗೆ ಈ 2ನೇ ಅಧ್ಯಾಯ ನೆನಪಾಗ್ತದೆ.

ನಾನು ಏಳನೇ ಕ್ಲಾಸು ಓದಿದವಳು, ಬೀಡಿ ಕಟ್ಟುವವಳು. ಬೈಬಲ್ ಹೇಳುವ ಜ್ಞಾನ ನನಗೆಲ್ಲ ಬರ್ತದಾ?

ಬರ್ತದೆ ಅಕ್ಕ. ಯಾರಿಗೆ ಜ್ಞಾನ ಕಡಿಮೆಯೋ ಅವರು ದೇವರಲ್ಲಿ ಕೇಳ್ಲಿ, ಅವನು ಹಂಗಿಸದೆ ಧಾರಾಳವಾಗಿ ಕೊಡ್ತಾನೆ ಅಂತ ಮೊದಲನೇ ಅಧ್ಯಾಯದ 5ನೇ ವಚನದಲ್ಲೇ ಉಂಟು. ಹಂಗಿಸದೆ ಅನ್ನುವ ಮಾತನ್ನು ಗಮನಿಸಿ. ನಾವು ಯಾರಲ್ಲಾದ್ರೂ ನೂರು ರೂಪಾಯಿ ಕೇಳಿದ್ರೆ ಕೊಡುವ ಮೊದಲು ಹತ್ತು ಮಾತು ಕೇಳಿಸ್ಕೊಳ್ಬೇಕಾಗ್ತದೆ, ಇಲ್ಲಿ ಹಾಗಿಲ್ಲ.

ಮತ್ತೆ, ಯಾಕೋಬ ಹೇಳುವ ಜ್ಞಾನ ಡಿಗ್ರಿ ಅಲ್ಲ. 3:17ರಲ್ಲಿ ಅದರ ಗುರುತು ಕೊಟ್ಟಿದ್ದಾನೆ: ಶುದ್ಧ, ಸಮಾಧಾನ, ಮೃದು, ಹೇಳಿದ್ದನ್ನು ಕೇಳುವ ಮನಸ್ಸು, ಕರುಣೆ, ಪಕ್ಷಪಾತ ಇಲ್ಲ, ಕಪಟ ಇಲ್ಲ. ಹತ್ತು ಜನ ಬೀಡಿ ಕಟ್ಟುವ ಜಗಲಿಯಲ್ಲಿ ಇಬ್ಬರು ಜಗಳ ಆಡುವಾಗ ಒಬ್ಬಳು ಇಬ್ಬರಿಗೂ ನೋವಾಗದ ಹಾಗೆ ಮಾತಾಡಿ ನಿಲ್ಲಿಸ್ತಾಳಲ್ಲ, ಅದು.

ಪಕ್ಕದ ಮನೆಯವರು ಕ್ರೈಸ್ತರಲ್ಲ, ಆದ್ರೆ ನಮಗಿಂತ ಎಷ್ಟೋ ಒಳ್ಳೆ ಕೆಲಸ ಮಾಡ್ತಾರೆ. ಅದಕ್ಕೆ ಎಂತ ಹೇಳ್ತೀರಿ?

ದೇವರಿಗೆ ಸ್ತೋತ್ರ ಹೇಳ್ತೇನೆ, ಅವರಿಂದ ಕಲೀತೇನೆ. ಒಳ್ಳೆ ದಾನ ಎಲ್ಲವೂ ಮೇಲಿಂದಲೇ ಬರುವುದು (1:17). ಯಾಕೋಬ ಕ್ರಿಯೆಗೆ ಕೊಟ್ಟ ಎರಡು ಉದಾಹರಣೆಯಲ್ಲಿ ಒಂದು ಅಬ್ರಹಾಮ, ಇನ್ನೊಂದು ರಾಹಾಬಳು, ಅವಳು ಯೆರಿಕೋ ಪಟ್ಟಣದವಳು, ಇಸ್ರಾಯೇಲಿನವಳೇ ಅಲ್ಲ.

## ಮನೆ, ಕೆಲಸ, ಊರು

ನಾಲಗೆಯ ಬಗ್ಗೆ ಅಷ್ಟು ಉದ್ದ ಯಾಕೆ ಬರೆದದ್ದು? ಮಾತು ಅಂದ್ರೆ ಮಾತು, ಅದರಿಂದ ಎಂತ ಆಗ್ತದೆ?

ಮಲ್ಪೆಯಲ್ಲಿ ಧಕ್ಕೆಯ ಹತ್ತಿರ ಒಂದು ಸಲ ನಿಂತು ನೋಡಿ. ಅಷ್ಟು ದೊಡ್ಡ ಬೋಟು, ಅದನ್ನು ತಿರುಗಿಸುವುದು ನೀರಿನೊಳಗೆ ಇರುವ ಸಣ್ಣ ಚುಕ್ಕಾಣಿ. ಯಾಕೋಬ ಅದನ್ನೇ ಹೇಳ್ತಾನೆ, ಕುದುರೆಯ ಬಾಯಿಯ ಕಡಿವಾಣ, ಹಡಗಿನ ಚುಕ್ಕಾಣಿ, ಆಮೇಲೆ ಕಾಡನ್ನೇ ಸುಡುವ ಸಣ್ಣ ಕಿಡಿ. ಮಾರ್ಚ್ ತಿಂಗಳಲ್ಲಿ ನಮ್ಮ ಪದವಿನ ಮುಳಿಹುಲ್ಲಿಗೆ ಒಂದು ಬೀಡಿ ತುಂಡು ಬಿದ್ರೆ ಎಂತ ಆಗ್ತದೆ ಅಂತ ಗೊತ್ತುಂಟಲ್ಲ.

ನನ್ನದೇ ಒಂದು ತಪ್ಪು ಹೇಳ್ತೇನೆ. ನಾಲ್ಕು ವರ್ಷದ ಹಿಂದೆ ನಮ್ಮ ಒಂದು ವಾಟ್ಸಾಪ್ ಗ್ರೂಪಿಗೆ ಒಂದು ಹುಡುಗಿಯ ಬಗ್ಗೆ ವಾಯ್ಸ್ ಮೆಸೇಜ್ ಬಂತು, ಯಾರದೋ ಜೊತೆ ಹೋದಳು ಅಂತ, ನಾನು ಅದನ್ನು ನನ್ನ ಇಬ್ಬರು ಕಸಿನ್‌ಗಳಿಗೆ ಕಳಿಸಿ "ಹೌದಂತೆ" ಅಂತ ಒಂದೇ ಒಂದು ಪದ ಬರೆದೆ. ಆ ಹುಡುಗಿ ಸೋದರತ್ತೆ ಮನೆಗೆ ಹೋಗಿದ್ದದ್ದು, ಮತ್ತೆಂತದೂ ಅಲ್ಲ. ಆದ್ರೆ ಅಷ್ಟರಲ್ಲಿ ಅವಳಿಗೆ ಬಂದಿದ್ದ ಸಂಬಂಧ ತಪ್ಪಿ ಹೋಯ್ತು. ನಾನು ಆ ಮನೆಗೆ ಹೋಗಿ ಅವಳ ಅಮ್ಮನ ಹತ್ತಿರ ಕ್ಷಮೆ ಕೇಳಿದೆ, ಅವರು ಚಾ ಮಾಡಿ ಕೊಟ್ಟರು, ಒಂದು ಮಾತೂ ಆಡ್ಲಿಲ್ಲ, ಆ ಚಾ ಕುಡಿಯುವುದು ಎಷ್ಟು ಕಷ್ಟ ಆಯ್ತು ಅಂತ ನನಗೇ ಗೊತ್ತು. ಅದೇ ಬಾಯಲ್ಲಿ ದೇವರನ್ನು ಕೊಂಡಾಡ್ತೇವೆ, ಅದೇ ಬಾಯಲ್ಲಿ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನು ಶಪಿಸ್ತೇವೆ ಅಂತ 3:9ರಲ್ಲಿ ಉಂಟು. ಈಗ ಫಾರ್ವರ್ಡ್ ಒತ್ತುವ ಮೊದಲು ಆ ಮನೆಯ ಅಡುಗೆ ಕೋಣೆ ನೆನಪಿಗೆ ಬರ್ತದೆ.

ಕೆಲಸದವರ ಸಂಬಳ ಎರಡು ಮೂರು ದಿನ ತಡ ಆದ್ರೆ ಅದೂ ಪಾಪವಾ?

ಇದಕ್ಕೆ ನಾನು ಮೆತ್ತಗೆ ಉತ್ತರ ಕೊಡುವುದಿಲ್ಲ. 5:4 ಓದಿ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗ್ತಾ ಉಂಟು ಅಂತಾನೆ, ಕೂಗುವುದು ಕೂಲಿಯವರು ಮಾತ್ರ ಅಲ್ಲ, ನಿಮ್ಮ ಪರ್ಸಿನಲ್ಲಿ ಉಳಿದ ಆ ದುಡ್ಡೇ ಕೂಗುವುದು. ಧರ್ಮೋಪದೇಶಕಾಂಡ 24:15ರಲ್ಲಿ ಇನ್ನೂ ಹಳೆ ಮಾತು ಉಂಟು, ಹೊತ್ತು ಮುಳುಗುವ ಮೊದಲು ಕೂಲಿ ಕೊಡ್ಬೇಕು, ಯಾಕಂದ್ರೆ ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ.

ನಮಗೆ 5ನೇ ತಾರೀಕು 9 ಆದ್ರೆ ಎಂತ ಆಗುವುದಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನಿಗೆ ಆ ನಾಲ್ಕು ದಿನದಲ್ಲಿ ಸೊಸೈಟಿಯ ಕಂತು ತಪ್ಪಿ ದಂಡ ಬೀಳ್ತದೆ, ಅದು ನನಗೆ ಗೊತ್ತಾದದ್ದು ಅವರು ಮೂರು ವರ್ಷ ಕೆಲಸ ಮಾಡಿದ ಮೇಲೆ, ಅಷ್ಟರವರೆಗೆ ನಾನು ಕೇಳಲೂ ಇಲ್ಲ. ಮನೆ ಕಟ್ಟಿಸುವವರು ಇದ್ದಾರಲ್ಲ, ಬಿಜಾಪುರ, ಕೊಪ್ಪಳದ ಕಡೆಯಿಂದ ಬಂದು ಶೆಡ್ಡಿನಲ್ಲಿ ಇರುವವರಿಗೆ ಕಂಟ್ರಾಕ್ಟರ್ ಕೊಟ್ಟಿದ್ದಾನಾ ಅಂತ ಒಂದು ಸಲ ನೀವೇ ಹೋಗಿ ಕೇಳಿ. ಮನೆ ಆಶೀರ್ವಾದಕ್ಕೆ ಫಾದರನ್ನೋ ಪಾಸ್ಟರನ್ನೋ ಕರೆಯುವ ಮೊದಲು ಅದು ಆಗ್ಬೇಕು.

ಚರ್ಚಲ್ಲಿ ದುಡ್ಡಿದ್ದವರಿಗೆ ಮುಂದಿನ ಬೆಂಚು, ನಮಗೆ ಹಿಂದೆ. ಇದನ್ನು ಹೇಳುವವರು ಯಾರೂ ಇಲ್ಲವಾ?

ಯಾಕೋಬ ಹೇಳಿದ್ದಾನೆ, ಬಹಳ ನೇರ. ಚಿನ್ನದ ಉಂಗುರ ಹಾಕಿದವ ಬಂದ್ರೆ ಒಳ್ಳೆ ಜಾಗ, ಕೊಳೆ ಬಟ್ಟೆಯವ ಬಂದ್ರೆ ಅಲ್ಲಿ ನಿಲ್ಲು ಅಥವಾ ಕಾಲ ಹತ್ತಿರ ಕೂತ್ಕೋ (2:2-3). ಎರಡು ಸಾವಿರ ವರ್ಷದ ಹಿಂದಿನ ಆ ಸಭೆ ನೋಡಿದ್ರೆ ನಮ್ಮ ಸಾಂತ್ಮಾರಿ (ಚರ್ಚಿನ ವಾರ್ಷಿಕ ಹಬ್ಬ) ದಿನದ್ದೇ ಚಿತ್ರ. ದುಡ್ಡು ಮಾತ್ರ ಅಲ್ಲ, ಕೆಥೋಲಿಕರ ಮದುವೆ ಮಾತುಕತೆಯಲ್ಲಿ ಬಾಮಣ್, ಚಾರೊಡಿ ಅಂತ ಜಾತಿ ಕೇಳುವುದು ಇನ್ನೂ ನಿಂತಿಲ್ಲ, ನಮ್ಮ ಪ್ರೊಟೆಸ್ಟೆಂಟ್ ಕಡೆಯೂ ಮೊದಲಿನ ಜಾತಿ ಯಾವುದು ಅಂತ ಮೆಲ್ಲ ವಿಚಾರಿಸುವವರು ಇದ್ದಾರೆ. ಜ್ಞಾನಸ್ನಾನ ಆದ ಮೇಲೆ ಅದನ್ನು ಕೇಳುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ, ಹಿರಿಯರು ಕೇಳಿದ್ರೂ ತಪ್ಪು. ನೀವು ಮಾಡ್ಬಹುದಾದದ್ದು: ಮುಂದಿನ ಆದಿತ್ಯವಾರ ಯಾರೂ ಮಾತಾಡಿಸದವರ ಹತ್ತಿರ ಹೋಗಿ ಕೂತ್ಕೊಳ್ಳಿ.

ಪ್ಲಾನ್ ಮಾಡುವುದು, ಸೇವಿಂಗ್ಸ್ ಮಾಡುವುದು ನಂಬಿಕೆ ಕಡಿಮೆ ಆದ ಹಾಗಾ?

ಅಲ್ಲ. 4ನೇ ಅಧ್ಯಾಯದಲ್ಲಿ ಬೈದದ್ದು ಜಂಬಕ್ಕೆ. ಇಂಥ ಊರಿಗೆ ಹೋಗ್ತೇನೆ, ಒಂದು ವರ್ಷ ಇರ್ತೇನೆ, ವ್ಯಾಪಾರ ಮಾಡ್ತೇನೆ, ಲಾಭ ಮಾಡ್ತೇನೆ, ಎಲ್ಲದರಲ್ಲೂ ನಾನು ನಾನು. ಗಲ್ಫಿಗೆ ಹೋಗುವಾಗ ನಾನೂ ಹಾಗೇ ಲೆಕ್ಕ ಹಾಕಿದ್ದೆ, ಐದು ವರ್ಷ ಅಂತ, 14 ಆಯ್ತು. ನಮ್ಮ ಬದುಕು ಸ್ವಲ್ಪ ಹೊತ್ತು ಕಂಡು ಹೋಗುವ ಹಬೆ ಅಂತಾನೆ, ಜುಲೈಯಲ್ಲಿ ಚಾರ್ಮಾಡಿ ಘಾಟಿಯ ಮಂಜು ನೋಡಿದವರಿಗೆ ಗೊತ್ತು. ಕೊಂಕಣಿಯಲ್ಲಿ ನಮ್ಮ ಅಜ್ಜಿ ಎಂತ ಹೇಳಿದ್ರೂ ಕೊನೆಗೆ "ದೇವಾಚಿ ಖುಶಿ" ಅಂತ ಸೇರಿಸ್ತಿದ್ರು, ಕರ್ತನ ಚಿತ್ತವಾದ್ರೆ ಅಂತ ಯಾಕೋಬ ಹೇಳಿದ್ದೂ ಅದೇ. ಅಜ್ಜಿ ಅಷ್ಟು ಹೇಳಿಯೂ ಮಳೆಗಾಲಕ್ಕೆ ಬೇಕಾದ ಸೌದೆ, ಉಪ್ಪಿನಕಾಯಿ, ಒಣಮೀನು ಎಲ್ಲ ಮೇ ತಿಂಗಳಲ್ಲೇ ಮಾಡಿ ಇಡ್ತಿದ್ರು.

## ಕಷ್ಟ ಬಂದಾಗ

ಕಷ್ಟ ಬಂದಾಗ ಸಂತೋಷಪಡಿ ಅಂತ ಬರೆದದ್ದು ಓದಿದ್ರೆ ಸಿಟ್ಟು ಬರ್ತದೆ. ಗಂಡ ಹಾಸಿಗೆ ಹಿಡಿದಾಗ ನಗ್ಬೇಕಾ?

ನನಗೂ ಸಿಟ್ಟು ಬಂದಿತ್ತು. ನನ್ನವರಿಗೆ ಕಿಡ್ನಿ ಹೋಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ, ಬೇರೆಯವರ ಮನೆಯಲ್ಲಿ ರೋಗ ನೋಡಿಕೊಂಡ ನಾನು ನಮ್ಮ ಮನೆಯದ್ದನ್ನು ನೋಡಲು ಆಗದೆ ಕಾರಿಡಾರಿನಲ್ಲಿ ಕೂತು ಅತ್ತದ್ದು ಉಂಟು. ಎರಡೂವರೆ ವರ್ಷ ಹಾಗೇ ನಡೀತು, ಆಮೇಲೆ ಅವರು ತೀರಿಕೊಂಡರು. ಆ ಸಮಯದಲ್ಲಿ ಯಾರೋ ಬಂದು 1:2ನ್ನು ಓದಿ "ಸಂತೋಷಪಡಿ" ಅಂದ್ರು, ಅವರು ಒಳ್ಳೆ ಮನಸ್ಸಿನಿಂದ ಹೇಳಿದ್ದು, ಆದ್ರೆ ಹಾಗೆ ಹೇಳ್ಬಾರದು.

ಆಮೇಲೆ ನಿಧಾನಕ್ಕೆ ಓದಿದಾಗ ಕಂಡದ್ದು: ಕಷ್ಟ ಒಳ್ಳೆಯದು ಅಂತ ಅವನು ಹೇಳುವುದಿಲ್ಲ. ಕಷ್ಟದಲ್ಲಿ ನಂಬಿಕೆ ಪರೀಕ್ಷೆಯಾಗಿ ತಾಳ್ಮೆ ಹುಟ್ಟುತ್ತದೆ, ಆ ಕಾರಣಕ್ಕೆ ಸಂತೋಷ. ಮೂಲ ಗ್ರೀಕಿನಲ್ಲಿ ಆ ತಾಳ್ಮೆಗೆ ಹುಪೊಮೊನೆ ಅಂತ ಪದ, ಅಡಿಯಲ್ಲಿ ನಿಲ್ಲುವುದು ಅಂತ ಅದರ ಮೂಲ, ಭಾರ ಹೊತ್ತು ಓಡದೆ ನಿಲ್ಲುವುದು. ಡಯಾಲಿಸಿಸ್ ರೂಮಿನ ಹೊರಗೆ ಪ್ರತಿ ಸಲ ಒಂದೇ ಬೆಂಚಿನಲ್ಲಿ ಕೂರುವ ನಾವು ಆರು ಏಳು ಹೆಂಗಸರು ಇದ್ದೆವು, ಬ್ಯಾರಿ ಹೆಂಗಸು ಒಬ್ಬರು, ಬಂಟರವರು ಇಬ್ಬರು, ಒಬ್ಬರ ಟಿಫಿನ್ ಇನ್ನೊಬ್ಬರು ತಿನ್ನುತ್ತಾ ಇದ್ದೆವು, ಒಬ್ಬರ ಗಂಡ ತೀರಿಕೊಂಡಾಗ ಉಳಿದವರೆಲ್ಲ ಹೋದೆವು. ಆ ಬೆಂಚಿನಲ್ಲಿ ನನಗೆ ಸಿಕ್ಕಿದ್ದಕ್ಕೆ ಸಂತೋಷ ಅಂತ ಹೆಸರಿಡಲು ವರ್ಷಗಳು ಬೇಕಾಯ್ತು.

ಅಳಲು ಅಡ್ಡಿ ಇಲ್ಲ. ಲಾಜರನ ಸಮಾಧಿ ಹತ್ತಿರ ಯೇಸು ಅತ್ತ. ಯಾಕೋಬನೇ 5:13ರಲ್ಲಿ ಹೇಳ್ತಾನೆ, ಕಷ್ಟದಲ್ಲಿದ್ದವ ಪ್ರಾರ್ಥನೆ ಮಾಡ್ಲಿ, ಖುಷಿಯಲ್ಲಿದ್ದವ ಹಾಡ್ಲಿ.

ಇದು ನಮ್ಮ ಪಾಪಕ್ಕೆ ದೇವರ ಶಿಕ್ಷೆಯಾ? ಯಾರಾದ್ರೂ ಮಾಟ ಮಾಡಿರ್ಬಹುದಾ?

ಹುಟ್ಟು ಕುರುಡನನ್ನು ನೋಡಿ ಯಾರ ಪಾಪ ಅಂತ ಶಿಷ್ಯರು ಕೇಳಿದಾಗ ಇವನದ್ದೂ ಅಲ್ಲ, ತಂದೆ ತಾಯಿಯದ್ದೂ ಅಲ್ಲ ಅಂತ ಯೇಸು ಹೇಳಿದ (ಯೋಹಾನ 9). ಮಾಟ ತೆಗೆಸ್ತೇವೆ ಅಂತ ಬರುವವರಿಗೆ ಐದು ಪೈಸೆ ಕೊಡ್ಬೇಡಿ.

ಪ್ರಾರ್ಥನೆ ಮಾಡಿ ಎಣ್ಣೆ ಹಚ್ಚಿದ ಮೇಲೆ ಮದ್ದು ತೆಗೊಂಡ್ರೆ ನಂಬಿಕೆ ಇಲ್ಲ ಅಂತ ಆಗ್ತದಾ? ಮತ್ತೆ ಫಾದರನ್ನು ಕರೆದ್ರೆ ಅಜ್ಜಿ ಹೆದರ್ತಾರೆ, ಎಂತ ಮಾಡುವುದು?

ಎರಡು ಪ್ರಶ್ನೆ ಇದು. ಮೊದಲನೆಯದು ನರ್ಸಾಗಿ ಹೇಳ್ತೇನೆ, ಮದ್ದು ನಿಲ್ಲಿಸ್ಬೇಡಿ. ಪ್ರಾರ್ಥನೆ ಆಯ್ತು ಅಂತ ಶುಗರಿನ ಮದ್ದು ಬಿಟ್ಟು ಕಾಲು ಕಳಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ರೋಗಿ ಸಭೆಯ ಹಿರಿಯರನ್ನು ಕರೆಸ್ಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸ್ಲಿ ಅಂತ 5:14ರಲ್ಲಿ ಉಂಟು, ವೈದ್ಯರನ್ನು ಕರೀಬೇಡಿ ಅಂತ ಇಲ್ಲ. ಒಳ್ಳೆ ಸಮಾರ್ಯದವ ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹಾಕಿ ಕಟ್ಟಿದ, ಕೆಥೋಲಿಕ್ ಬೈಬಲಿನ ಸಿರಾಖ 38ರಲ್ಲಿ ವೈದ್ಯನನ್ನು ಗೌರವಿಸಿ ಅಂತಲೇ ಉಂಟು. ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಮದ್ದು ಕೊಡಲು ಶುರು ಮಾಡಿದ ಫಾದರ್ ಆಗಸ್ಟಸ್ ಮುಲ್ಲರ್ ಒಬ್ಬ ಜೆಸುಯಿಟ್ ಗುರು, ಅವರು ಆಮೇಲೆ ಕುಷ್ಠರೋಗಿಗಳಿಗೂ ಜಾಗ ಮಾಡಿದರು. ಅವರ ಪ್ರಾರ್ಥನೆಯೂ ಮದ್ದೂ ಒಂದೇ ಕೈಯಿಂದ ಹೋಯ್ತು.

ಎರಡನೆಯದು. ಫಾದರ್ ಎಣ್ಣೆ ಹಿಡ್ಕೊಂಡು ಬಂದ್ರೆ ಸಾವು ಹತ್ತಿರ ಬಂತು ಅಂತ ನಮ್ಮ ಹಿರಿಯರ ಹೆದರಿಕೆ. ಆದ್ರೆ ಅದು ಸಾಯುವ ಗಳಿಗೆಯವರಿಗೆ ಮಾತ್ರ ಅಲ್ಲ ಅಂತ ಕೆಥೋಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿ ಆಯ್ತು. ಅಜ್ಜಿಗೆ ಸ್ವಲ್ಪ ಆರಾಮ ಇರುವಾಗಲೇ ಕರೆಸಿ, ಎಲ್ಲರೂ ಒಟ್ಟಿಗೆ ಕೂತು ಪ್ರಾರ್ಥಿಸಿ, ಆಮೇಲೆ ಫಾದರ್ ಜೊತೆ ಚಾ ಕುಡೀರಿ.

ಸಾಯುವ ಅಂತ ಅನಿಸ್ತದೆ. ನಂಬಿಕೆ ಇದ್ದವರಿಗೆ ಹೀಗೆ ಅನಿಸ್ಬಾರದಲ್ಲ?

ಎಲೀಯ ನಮ್ಮಂಥ ಮನುಷ್ಯನೇ ಅಂತ ಯಾಕೋಬ 5:17ರಲ್ಲಿ ಹೇಳ್ತಾನೆ. ಆ ಎಲೀಯ ಒಂದು ಜಾಲಿಮರದ ಕೆಳಗೆ ಕೂತು ನನ್ನ ಪ್ರಾಣ ತೆಗೀ ಅಂತ ದೇವರಲ್ಲಿ ಬೇಡಿದವ (1 ಅರಸು 19). ದೇವರು ಬೈಲಿಲ್ಲ, ಮಲಗಲು ಬಿಟ್ಟು, ದೂತನ ಕೈಯಲ್ಲಿ ರೊಟ್ಟಿ ನೀರು ಕೊಡಿಸಿ, ಮತ್ತೆ ಮಲಗಲು ಬಿಟ್ಟ. ಇವತ್ತೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಡಾಕ್ಟರ ಹತ್ತಿರ ಹೋಗಿ, ಒಬ್ಬರೇ ಇರ್ಬೇಡಿ. ದಯವಿಟ್ಟು.

ನಮ್ಮ ಚರ್ಚಿಗೆ ಕಲ್ಲು ಬಿದ್ದಾಗಲೂ ಸುಮ್ನೆ ಇರ್ಬೇಕಾ?

2008ರ ಸೆಪ್ಟೆಂಬರ್ 14, ಆದಿತ್ಯವಾರ, ಮಂಗಳೂರಲ್ಲಿ ಚರ್ಚು ಪ್ರಾರ್ಥನಾಲಯಗಳ ಮೇಲೆ ದಾಳಿ ಆದ ದಿನ, ನಾನು ಮಸ್ಕತ್‌ನಲ್ಲಿದ್ದೆ, ಮನೆಗೆ ಫೋನ್ ಹೋಗದೆ ರಾತ್ರಿ ಇಡೀ ನಿದ್ರೆ ಇಲ್ಲ. ಕೇಳಲು ಬೇಗ, ಮಾತಾಡಲು ನಿಧಾನ, ಸಿಟ್ಟಿಗೆ ನಿಧಾನ ಅಂತ 1:19ರಲ್ಲಿ ಉಂಟು, ನಿಧಾನ ಅಂದ್ರೆ ಬಾಯಿ ಮುಚ್ಚುವುದು ಅಲ್ಲ. ಅನ್ಯಾಯವನ್ನು ಇಷ್ಟು ಗಟ್ಟಿಯಾಗಿ ಬೈದ ಪತ್ರ ಹೊಸ ಒಡಂಬಡಿಕೆಯಲ್ಲಿ ಇನ್ನೊಂದು ಸಿಗುವುದು ಕಷ್ಟ. ಕಂಪ್ಲೇಂಟ್ ಕೊಡಿ, ಕೋರ್ಟಿಗೆ ಹೋಗಿ, ಸಾಕ್ಷಿ ಹೇಳಿ. ತಿರುಗಿ ಕಲ್ಲು ಬೇಡ. ಆ ಕೆಲಸ ಮಾಡಿದವರ ಜಾತಿಯವರೆಲ್ಲ ಹಾಗೇ ಅಂತ ಹೇಳುವುದೂ ಬೇಡ, ಅದು 3ನೇ ಅಧ್ಯಾಯದ ಕಿಡಿ.

ಎಷ್ಟು ಕಾಯುವುದು? ಪ್ರಾರ್ಥಿಸಿ ಪ್ರಾರ್ಥಿಸಿ ಸಾಕಾಯ್ತು.

ರೈತನನ್ನು ನೋಡಿ ಅಂತಾನೆ, ಮುಂಗಾರು ಹಿಂಗಾರು ಎರಡೂ ಬರುವ ತನಕ ಕಾಯ್ತಾನೆ (5:7). ಅವರ ದೇಶದಲ್ಲಿ ಮೊದಲ ಮಳೆ ಅಕ್ಟೋಬರ್ ನವೆಂಬರಿಗೆ, ಉಳುವ ಬಿತ್ತುವ ಸಮಯಕ್ಕೆ, ಕೊನೆ ಮಳೆ ಮಾರ್ಚ್ ಏಪ್ರಿಲಿಗೆ, ತೆನೆ ತುಂಬುವಾಗ. ಜೂನಿನಲ್ಲಿ ಸುರಿಯುವ ನಮ್ಮ ಮಳೆಗೂ ಅದಕ್ಕೂ ಲೆಕ್ಕ ಬೇರೆ. ಆದ್ರೆ ಏಣೆಲ್ (ಮಳೆಗಾಲದ ಭತ್ತ) ಬೆಳೆ ನೋಡಿದವರಿಗೆ ಇಷ್ಟು ಗೊತ್ತು, ರೈತ ಕಾಯುವಾಗ ಜಗಲಿಯಲ್ಲಿ ಮಲಗಿರುವುದಿಲ್ಲ, ಕಟ್ಟಪುಣಿ (ಗದ್ದೆಯ ಬದು) ಸರಿ ಮಾಡ್ತಾನೆ, ಕಳೆ ಕೀಳ್ತಾನೆ, ನೀರು ತಿರುಗಿಸ್ತಾನೆ. ಮಲ್ಪೆ, ಬಂದರಿನವರಿಗೂ ಗೊತ್ತು, ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟು ಇಳಿಯುವುದಿಲ್ಲ, ಆಗ ಕೂತು ಬಲೆ ಸರಿ ಮಾಡ್ತಾರೆ. ನಿಮ್ಮ ಪ್ರಾರ್ಥನೆಗೆ ಯಾವಾಗ ಉತ್ತರ ಅಂತ ನಾನು ಹೇಳಲಾರೆ, ನಿಮ್ಮ ಜೊತೆ ಪ್ರಾರ್ಥಿಸ್ತೇನೆ.

## ಸ್ವಲ್ಪ ಆಳದ್ದು

ಪೌಲ ನಂಬಿಕೆಯಿಂದಲೇ ಅಂತಾನೆ, ಯಾಕೋಬ ಕ್ರಿಯೆಯಿಂದ ಅಂತಾನೆ. ಇಬ್ಬರಲ್ಲಿ ಯಾರು ಸರಿ?

ನಮ್ಮ ಗುಂಪಿನಲ್ಲಿ ಮೂರು ಶುಕ್ರವಾರ ತೆಗೊಂಡ ಪ್ರಶ್ನೆ ಇದು. ಪೌಲ ಅಂದ್ರೆ ಹೊಸ ಒಡಂಬಡಿಕೆಯ ಎಷ್ಟೋ ಪತ್ರ ಬರೆದ ಅಪೊಸ್ತಲ. ಇಬ್ಬರೂ ಅಬ್ರಹಾಮನನ್ನೇ ಹಿಡ್ಕೊಳ್ತಾರೆ, ಆದ್ರೆ ಬೇರೆ ಬೇರೆ ದಿನದ ಅಬ್ರಹಾಮನನ್ನು. ಪೌಲ ಆದಿಕಾಂಡ 15ಕ್ಕೆ ಹೋಗ್ತಾನೆ, ಮಕ್ಕಳಿಲ್ಲದ ಮುದುಕ ನಕ್ಷತ್ರ ನೋಡಿ ದೇವರ ಮಾತು ನಂಬಿದ ರಾತ್ರಿ. ಯಾಕೋಬ ಅದೇ ವಚನ ಹೇಳಿ ಆದಿಕಾಂಡ 22ಕ್ಕೆ ಬರ್ತಾನೆ, ಇಸಾಕನನ್ನು ಕರ್ಕೊಂಡು ಬೆಟ್ಟ ಹತ್ತಿದ ದಿನ, ಎಷ್ಟೋ ವರ್ಷದ ನಂತರ. ಮೊದಲನೆಯದು ನಂಬಿಕೆ ಹುಟ್ಟಿದ್ದು, ಎರಡನೆಯದು ಅದು ಬದುಕಿ ಉಂಟು ಅಂತ ಗೊತ್ತಾದದ್ದು. ಎದುರಾಳಿಗಳೂ ಬೇರೆ. ಪೌಲ ಮಾತಾಡುವುದು ಸುನ್ನತಿ, ನಿಯಮ ಎಲ್ಲ ಮಾಡಿದ್ರೆ ದೇವರು ನಮಗೆ ಬಾಕಿ ಅಂತ ತಿಳಿದವರ ಹತ್ತಿರ. ಯಾಕೋಬ ಮಾತಾಡುವುದು ನಂಬಿಕೆ ಉಂಟು ಅಂತ ಹೇಳಿ ಕೈಕಟ್ಟಿ ಕೂತವರ ಹತ್ತಿರ. ಎಫೆಸ 2:8-10 ಒಟ್ಟಿಗೆ ಓದಿ, ಕೃಪೆಯಿಂದ ರಕ್ಷಣೆ, ಒಳ್ಳೆ ಕೆಲಸಕ್ಕಾಗಿ ಸೃಷ್ಟಿ, ಎರಡೂ ಮೂರೇ ವಚನದಲ್ಲಿ.

ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ 1522ರಲ್ಲಿ ಯಾಕೋಬನದ್ದನ್ನು ಒಣಹುಲ್ಲಿನ ಪತ್ರ ಅಂತ ಬರೆದದ್ದು ನಿಜ, ಆಮೇಲಿನ ಮುದ್ರಣಗಳಲ್ಲಿ ಆ ಮಾತು ತೆಗೆದದ್ದೂ ನಿಜ. 1999ರ ಅಕ್ಟೋಬರ್ 31ಕ್ಕೆ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರು ಮತ್ತು ಕೆಥೋಲಿಕರು ಈ ವಿಷಯದ ಒಂದು ಜಂಟಿ ಹೇಳಿಕೆಗೆ ಒಟ್ಟಿಗೆ ಸಹಿ ಹಾಕಿದರು. ಎರಡೂ ಕಡೆಯ ರಕ್ತ ಇರುವ ನನಗೆ ಆ ಸುದ್ದಿ ಮನೆಯ ಪಾಲಿನ ಕೇಸು ರಾಜಿ ಆದ ಹಾಗೆ ಅನಿಸಿತ್ತು.

1:2ರಲ್ಲಿ ಪರೀಕ್ಷೆ ಬಂದ್ರೆ ಸಂತೋಷ ಅಂತ, 1:13ರಲ್ಲಿ ದೇವರು ಯಾರನ್ನೂ ಶೋಧಿಸುವುದಿಲ್ಲ ಅಂತ. ಯಾವುದು ಸರಿ?

ಗ್ರೀಕಿನಲ್ಲಿ ಎರಡಕ್ಕೂ ಒಂದೇ ಬೇರು, ಪೈರಾಸ್ಮೊಸ್, ಕಷ್ಟದ ಪರೀಕ್ಷೆಗೂ ಅದೇ, ಪಾಪಕ್ಕೆ ಸೆಳೆಯುವುದಕ್ಕೂ ಅದೇ. ಹೊರಗಿಂದ ಬರುವ ಸಾಲ, ರೋಗ ಮೊದಲನೆಯದು. ಸಾಲ ತೀರಿಸಲು ಸೊಸೈಟಿಯ ದುಡ್ಡಿಗೆ ಕೈ ಹಾಕುವ ಅಂತ ಒಳಗೆ ಏಳುವ ಆಸೆ ಎರಡನೆಯದು, ಅದು ದೇವರಿಂದ ಬಂದದ್ದಲ್ಲ, ನಮ್ಮ ಆಸೆಯೇ ಎಳೆಯುವುದು ಅಂತ 1:14. ಒಂದೇ ಘಟನೆ ಬೆಳಿಗ್ಗೆ ಮೊದಲನೆಯದಾಗಿದ್ದು ಸಂಜೆಗೆ ಎರಡನೆಯದಾಗಬಹುದು, ಹಾಗಾಗಿ ಜ್ಞಾನ ಕೇಳಿ ಅನ್ನುವ ಮಾತು ಕಷ್ಟದ ಮಾತಿನ ಬೆನ್ನಿಗೇ ಬಂದದ್ದು ಅಂತ ನನಗೆ ಅನಿಸ್ತದೆ.

ಪತ್ರ ಅಷ್ಟು ಸಡನ್ನಾಗಿ ಯಾಕೆ ಮುಗೀತದೆ? ವಂದನೆ ಇಲ್ಲ, ಆಮೆನ್ ಇಲ್ಲ.

ಹೌದು, ಪೌಲನ ಪತ್ರದ ಹಾಗೆ ಇವರಿಗೆ ವಂದನೆ ಅವರಿಗೆ ವಂದನೆ ಅಂತ ಇಲ್ಲ. ಕೊನೆ ಎರಡು ವಚನ, ಸತ್ಯ ಬಿಟ್ಟು ದಾರಿ ತಪ್ಪಿದ ಒಬ್ಬನನ್ನು ಯಾರಾದ್ರೂ ತಿರುಗಿ ಕರ್ಕೊಂಡು ಬಂದ್ರೆ ಒಂದು ಪ್ರಾಣ ಉಳಿಸಿದ ಹಾಗೆ, ಅಲ್ಲಿಗೆ ಮುಗೀತು. ಹಾಳೆ ಕಳೆದುಹೋಗಿದೆಯಾ ಅಂತ ಒಬ್ಬರು ಕೇಳಿದ್ರು. ನನಗೆ ಹಾಗೆ ಅನಿಸುವುದಿಲ್ಲ, ಬರೆದವ ಪೆನ್ನು ಕೆಳಗಿಟ್ಟು ಆ ಒಬ್ಬನನ್ನು ಹುಡುಕಲು ಎದ್ದು ಹೋದ ಹಾಗೆ ಕಾಣ್ತದೆ.

ನಮ್ಮ ಗುಂಪಿನಲ್ಲಿ ಅದನ್ನು ಓದಿದ ವಾರ ಒಬ್ಬರು ಅಂಕಲ್ ಎಂತದೂ ಮಾತಾಡದೆ ಎದ್ದು ಹೋದ್ರು. ಜಾಗದ ವಿಷಯಕ್ಕೆ ಅಣ್ಣನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ, ಅಣ್ಣ ಆಮೇಲೆ ಇಗರ್ಜಿಗೂ ಬರುವುದು ಬಿಟ್ಟಿದ್ರು. ಶನಿವಾರ ಬೆಳಿಗ್ಗೆ ಇವರು ಎರಡು ಕಿಲೋ ಬಂಗುಡೆ ತೆಗೊಂಡು ಅಣ್ಣನ ಮನೆಗೆ ಹೋದ್ರಂತೆ. ಅಣ್ಣ ಬಾಗಿಲು ತೆಗೀಲಿಲ್ಲ, ಅತ್ತಿಗೆ ಹಿಂದಿನ ಬಾಗಿಲಿಂದ ಬಂದು ಮೀನು ತೆಗೊಂಡ್ರು. ಈಗ ಪ್ರತಿ ಶನಿವಾರ ಹೋಗ್ತಾರೆ. ಬಾಗಿಲು ಇನ್ನೂ ತೆಗೆದಿಲ್ಲ, ಆದ್ರೆ ಹೋದ ವಾರ ಅತ್ತಿಗೆ ಖಾಲಿ ಪಾತ್ರೆ ತೊಳೆದು ಅದರಲ್ಲಿ ಸ್ವಲ್ಪ ಸಣ್ಣಾಸ್ ಹಾಕಿ ವಾಪಸ್ ಕೊಟ್ಟಿದ್ದಾರೆ.